ಕೃಷ್ಣೆಯ ನೀರಿಗೆ ಪಂಖ ಹಾಕಿದ ವರ್ಷ

ನನಗೆ ಕೆಲಸ ಸಿಕ್ಕದ್ದು ಹೊಳೆಯ ಆಚೆ ದಂಡೆಯಲ್ಲಿ. ನಮ್ಮ ಮನೆ ರಾಯಬಾಗ ತಾಲೂಕಿನ ಕಡೆ, ಹೈಸ್ಕೂಲು ಅಥಣಿ ತಾಲೂಕಿನ ಕಡೆ, ನಡುವೆ ಕೃಷ್ಣೆ. ನಮ್ಮ ದಂಡೆಯ ಮೇಲೆ ನಿಂತರೆ ಶಾಲೆಯ ಕೆಂಪು ಹಂಚು ಕಾಣುತ್ತಿತ್ತು. ಬಸ್ಸಿನಲ್ಲಿ ಹೋಗಬೇಕೆಂದರೆ ಮಾತ್ರ ಸೇತುವೆ ಇರುವ ಊರಿನವರೆಗೆ ಸುತ್ತಿ, ಎರಡು ಕಡೆ ಬಸ್ಸು ಬದಲಿಸಿ, ಅರ್ಧ ದಿನ ಕಳೆಯಬೇಕು. ಎಂಬತ್ತರ ದಶಕದ ನಡುವಿನಲ್ಲಿ ಗಣಿತದ ಟೀಚರಾಗಿ ಸೇರಿದ ನಾನು ಹೀಗಾಗಿ ದಿನಕ್ಕೆ ಎರಡು ಸಲ ಹೊಳೆ ದಾಟತೊಡಗಿದೆ. ಬೇಸಿಗೆಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲು ನೀರಿನಲ್ಲಿ ನಡೆದು ಹೋಗುವುದು. ಮಳೆಗಾಲ ಬಂತೆಂದರೆ ನಾವಿ.

ನಾವಿ ಎಂದರೆ ಡಾಂಬರು ಬಳಿದ ದೊಡ್ಡ ಕಟ್ಟಿಗೆಯ ದೋಣಿ. ಮೂವತ್ತು ಜನ, ನಾಲ್ಕು ಸೈಕಲ್ಲು, ಹಾಲಿನ ಕ್ಯಾನು, ಒಂದೆರಡು ಆಡು ಹಿಡಿಯುತ್ತಿತ್ತು. ಅದನ್ನು ನಡೆಸುತ್ತಿದ್ದ ಅಂಬಿಗನಿಗೆ ಆಗ ಐವತ್ತು ದಾಟಿತ್ತು. ಅವನ ತಂದೆ ಕಟ್ಟಿಸಿದ ನಾವಿ ಅದು. ಅದಕ್ಕೂ ಹಿಂದೆ ನಮ್ಮ ಭಾಗದಲ್ಲಿ ನೆರೆ ಬಂದಾಗ ಜನ ಬೆಲ್ಲ ಕಾಸುವ ಕೊಪ್ಪರಿಗೆಯಲ್ಲಿ ಕುಳಿತು ಹೊಳೆ ದಾಟುತ್ತಿದ್ದರು. ನನ್ನ ಅಜ್ಜಿ ಮದುವೆಯಾಗಿ ಬಂದದ್ದೇ ಹಾಗೆ; ಕೊಪ್ಪರಿಗೆ ನಡುನೀರಿನಲ್ಲಿ ಗಿರಗಿರ ತಿರುಗಿತಂತೆ, ಬಾಸಿಂಗ ಹಿಡಿದುಕೊಳ್ಳುವುದೋ ಅಂಚು ಹಿಡಿದುಕೊಳ್ಳುವುದೋ ತಿಳಿಯಲಿಲ್ಲವಂತೆ. ಅದಕ್ಕೆ ಹೋಲಿಸಿದರೆ ನಾವಿ ದೊಡ್ಡ ಸುಖ. ಆದರೆ ತಡ. ಹೊಳೆ ತುಂಬಿದಾಗ ನಾವಿಯನ್ನು ಮೊದಲು ದಂಡೆಗುಂಟ ಹಗ್ಗ ಕಟ್ಟಿ ಮೇಲಕ್ಕೆ ಎಳೆಯಬೇಕು. ಸಾಕಷ್ಟು ಮೇಲೆ ಹೋದ ಮೇಲೆ ನೀರಿಗೆ ಬಿಡಬೇಕು. ಸೆಳವು ಅದನ್ನು ಓರೆಯಾಗಿ ತಂದು ಆಚೆ ದಂಡೆಗೆ ಮುಟ್ಟಿಸುವಷ್ಟರಲ್ಲಿ ಒಂದು ತಾಸು ಹೋಗಿರುತ್ತಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅಪ್ಪ ಹೊತ್ತಿಗೆ ಸರಿಯಾಗಿ ಉಂಡುಬಿಡುತ್ತಿದ್ದ; ನಾನು ಮನೆಗೆ ಬಾರದೆ ಅವ್ವ ಉಣ್ಣುತ್ತಿರಲಿಲ್ಲ. ಶಾಲೆ ಬಿಟ್ಟು ಓಡೋಡಿ ದಂಡೆಗೆ ಬಂದರೆ ನಾವಿ ಆಚೆ ಇರುತ್ತಿತ್ತು. ಅದು ಬಂದು, ತುಂಬಿ, ನನ್ನನ್ನು ಇಳಿಸುವ ಹೊತ್ತಿಗೆ ಸೂರ್ಯ ಕಬ್ಬಿನ ಹಿಂದೆ ಇಳಿದಿರುತ್ತಿದ್ದ. ಮೊದಲ ಮಳೆಗಾಲದಲ್ಲಿ ನಾವಿಬ್ಬರೂ ಎಷ್ಟು ಸಂಜೆ ಬರಿಹೊಟ್ಟೆಯಲ್ಲಿ ಮಲಗಿದೆವೋ ಲೆಕ್ಕವಿಲ್ಲ. ಅವ್ವ ಒಂದು ದಿನವೂ ಆಡಿ ತೋರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಎರಡನೆಯ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಾವಿಯಲ್ಲಿ ಹೊಸಬರೊಬ್ಬರು ಬಂದು ಕುಳಿತರು. ಜತೆಗೆ ಕಬ್ಬಿಣದ ಟ್ರಂಕು, ಒಂದು ಕ್ಯಾನ್ವಾಸ್ ಚೀಲ. ಬಲಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ. ಸ್ವಲ್ಪ ಜೋರಾಗಿ ಮಾತನಾಡುತ್ತಿದ್ದರು, ಕಿವಿ ಮಂದವಾದವರು ಮಾತನಾಡುವಂತೆ. ಅಂಬಿಗ ಅವರ ಟ್ರಂಕನ್ನು ತಾನೇ ಎತ್ತಿ ಇಟ್ಟದ್ದು ನೋಡಿ ತಮ್ಮನೆಂದು ಗೊತ್ತಾಯಿತು. ಹದಿನೆಂಟರ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಹಡಗಿನ ಇಂಜಿನ್ ಮನೆಯಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ್ದ ತಮ್ಮ. ಊರಲ್ಲಿ ಎಲ್ಲರೂ ಅವರನ್ನು ಜಹಾಜಿನ ಕಾಕಾ ಎನ್ನುತ್ತಿದ್ದರು.

ನಾವಿ ದಂಡೆ ಬಿಟ್ಟಾಗ ಕಾಕಾ ಕೈಗಡಿಯಾರ ನೋಡಿಕೊಂಡರು. ಆಚೆ ಮುಟ್ಟಿದಾಗ ಮತ್ತೆ ನೋಡಿದರು.

"ಮೂವತ್ತೈದ ಮಿನಿಟ ಆತ ನೋಡ ಅಣ್ಣಾ," ಎಂದರು.

"ಆಗಲಿ. ಇಲ್ಲಿ ಯಾರಿಗ ಅವಸರ ಐತಿ?" ಎಂದ ಅಂಬಿಗ ಹಗ್ಗ ಸುತ್ತುತ್ತ.

ನನ್ನ ಬಾಯಿಂದ ತಟ್ಟನೆ ಬಂತು: "ನನಗೈತ್ರಿ."

ಕಾಕಾ ನನ್ನ ಕಡೆ ತಿರುಗಿ, "ಅಕ್ಕಾರ, ನಿಮಗ ಎಷ್ಟ ಮಿನಿಟದಾಗ ಆಚೆ ಹೋಗಬೇಕ್ರಿ?" ಎಂದು ಕೇಳಿದರು. ಅಂಗಡಿಯವನು ಎಷ್ಟು ಸಕ್ಕರೆ ಎಂದು ಕೇಳುವಷ್ಟು ಸಹಜವಾಗಿ ಕೇಳಿದರು. "ಹತ್ತು," ಎಂದೆ. "ಆಗತೈತ್ರಿ," ಎಂದು ಟ್ರಂಕು ಎತ್ತಿಕೊಂಡು ಹೋದರು. ಆ ಮಾತು ಆ ದಿನ ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಆ ಚಳಿಗಾಲವಿಡೀ ಕಾಕಾ ದಿನಾ ಬೆಳಿಗ್ಗೆ ಸಂಜೆ ನಾವಿಯಲ್ಲಿ ಕುಳಿತು ಹೋಗಿ ಬರುತ್ತಿದ್ದರು. ನೀರು ನೋಡುವುದಕ್ಕೆ ಎನ್ನುತ್ತಿದ್ದರು. ನಮ್ಮ ದಂಡೆಯಿಂದ ನನ್ನ ಜತೆ ಶಾಲೆಗೆ ಬರುತ್ತಿದ್ದ ಹುಡುಗಿಯರು ಅವರನ್ನು ಸುತ್ತುವರಿದು ಕೂರುತ್ತಿದ್ದರು. ಅವರು ಸೇರಿದ ಮೊದಲ ಹಡಗಿನಲ್ಲಿ ಉಗಿಯ ಇಂಜಿನ್ನು. ಬಾಯ್ಲರಿನ ಶಾಖಕ್ಕೆ ಮನುಷ್ಯನ ತೂಕ ಒಂದೇ ಪ್ರಯಾಣದಲ್ಲಿ ಇಳಿಯುತ್ತಿತ್ತಂತೆ. ಆಮೇಲಿನದರಲ್ಲಿ ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಡೀಸೆಲ್ ಇಂಜಿನ್ನು. ಎಣ್ಣೆ ಹಾಕಲು ಏಣಿ ಹತ್ತಬೇಕು. ಮೊದಲು ಸಾಮಾನನ್ನು ಚೀಲ ಚೀಲವಾಗಿ ಹೊತ್ತು ಇಳಿಸಲು ಹದಿನೈದು ದಿನ ಬಂದರಿನಲ್ಲಿ ನಿಲ್ಲುತ್ತಿದ್ದರು. ಆಮೇಲೆ ಕಬ್ಬಿಣದ ದೊಡ್ಡ ಪೆಟ್ಟಿಗೆಗಳು ಬಂದವು, ಕ್ರೇನು ಎತ್ತಿ ಎತ್ತಿ ಇಟ್ಟಿತು, ಎರಡು ದಿನದಲ್ಲಿ ಹಡಗು ಹೊರಟಿತು. ಕೊನೆಯ ಹಡಗಿನಲ್ಲಿ ಇಂಜಿನ್ ಮನೆಗೆ ಕಾವಲೇ ಇರಲಿಲ್ಲ. ಏನಾದರೂ ಕೆಟ್ಟರೆ ಮಲಗುವ ಕೋಣೆಯಲ್ಲಿ ಗಂಟೆ ಹೊಡೆಯುತ್ತಿತ್ತು.

"ಜಹಾಜ ದೊಡ್ಡವಾದ್ವು, ಮಂದಿ ಕಡಿಮಿ ಆದ್ರು," ಎಂದರು ಕಾಕಾ. "ನಮ್ಮಂಥವ್ರು ಬ್ಯಾಡಾದ್ವಿ. ಆದ್ರೂ ಹೇಳ್ತೀನಿ, ಏನ ಮಶೀನ ಅಂತೀರಿ! ಕೆಲಸ ಹೋದದ್ದಕ್ಕ ಸಿಟ್ಟ ಬರಬೇಕಿತ್ತು, ನನಗ ಬರಲಿಲ್ಲ. ನಿಂತ ನೋಡಕೋತ ಉಳದೆ."

ಒಬ್ಬ ಹುಡುಗಿ ಕೇಳಿದಳು, "ಕಾಕಾ, ಹುಟ್ಟ ಇಲ್ಲ, ಗಳ ಇಲ್ಲ, ಜಹಾಜ ಮುಂದ ಹ್ಯಾಂಗ ಹೋಗತೈತ್ರಿ?"

ಕಾಕಾ ಜೇಬಿನಿಂದ ಒಂದು ಸ್ಕ್ರೂ ತೆಗೆದು ನಾವಿಯ ಹಲಗೆಗೆ ಇಟ್ಟು ತಿರುವಿದರು. ಅದು ತಿರುಗುತ್ತ ಒಳಗೆ ಹೋಯಿತು. "ಜಹಾಜಿನ ಹಿಂದ ಪಂಖ ಇರತೈತಿ. ಇದು ಕಟ್ಟಿಗ್ಯಾಗ ಹೋದಂಗ, ಅದು ನೀರಾಗ ತಿರುಗಕೋತ ಹೋಗತೈತಿ. ಜಹಾಜನ್ನ ದೂಡಕೋತ ಹೋಗತೈತಿ."

ಹಿಂದಿನಿಂದ ಅಂಬಿಗನ ದನಿ ಬಂತು: "ಆ ಸ್ಕ್ರೂ ತಗೀಲೇ. ಹಲಗಿ ಹಾಳ ಮಾಡಬ್ಯಾಡ."

ಚಳಿಗಾಲ ಮುಗಿಯುವುದರೊಳಗೆ ನಾವಿಗೂ ಇಂಜಿನ್ನು, ಪಂಖ ಹಾಕುವುದೆಂದು ಕಾಕಾ ನಿಶ್ಚಯಿಸಿದ್ದರು; ಇಂಜಿನ್ನು ನಮ್ಮ ಮನೆಯದು. ಬಾವಿಗೆ ಕರೆಂಟಿನ ಮೋಟಾರು ಬಂದ ಮೇಲೆ ನಮ್ಮ ಹಳೆಯ ಡೀಸೆಲ್ ಇಂಜಿನ್ನು ಹೊಲದ ಕೊಟ್ಟಿಗೆಯಲ್ಲಿ ಕಬ್ಬಿನ ರವದಿಯ, ಒಣಗರಿಯ ಕೆಳಗೆ ಬಿದ್ದಿತ್ತು. ಊಟಕ್ಕೆ ಕುಳಿತಾಗ ಅಪ್ಪನನ್ನು ಕೇಳಿದೆ.

"ಒಯ್ಯಲಿ," ಎಂದ ಅಪ್ಪ. ರೊಟ್ಟಿ ಮುರಿಯುತ್ತ, "ಆದ್ರ ಆ ನಾವ್ಯಾಗ ನೀನ ದಿನಾ ಕೂಡಾಕಿ. ಹೆಚ್ಚುಕಡಿಮಿ ಆದ್ರ ನಾ ಯಾರನ್ನ ಕೇಳ್ಲಿ?" ಎಂದ.

"ಈಗರ ಹೆಚ್ಚುಕಡಿಮಿ ಆದ್ರ ಯಾರನ್ನ ಕೇಳ್ತಿದ್ದಿ ಅಪ್ಪಾ?"

ಅಪ್ಪ ನಕ್ಕುಬಿಟ್ಟ. ಮರುದಿನ ಚಕ್ಕಡಿಯಲ್ಲಿ ಇಂಜಿನ್ನು ಹೊಳೆಗೆ ಹೋಯಿತು. ಮಾರ್ಚಿನಲ್ಲಿ ನೀರು ಇಳಿದು ನಾವಿಯನ್ನು ಉಸುಕಿನ ಮೇಲೆ ಎಳೆದು ಹಾಕಿದ್ದರು. ಕಾಕಾ ಮೂರು ದಿನ ಇಂಜಿನ್ನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದರು. ನಾಲ್ಕನೆಯ ದಿನ ಹ್ಯಾಂಡಲ್ ಹೊಡೆದಾಗ ಇಂಜಿನ್ನು ಕಪ್ಪು ಹೊಗೆ ಬಿಟ್ಟು ದಡದಡ ಶುರುವಾಯಿತು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಮೇಲೆದ್ದು ನೋಡಿದರು.

ಅಲ್ಲಿಯವರೆಗೆ ಅಂಬಿಗ ಅಡ್ಡ ಬಂದಿರಲಿಲ್ಲ. ಇಂಜಿನ್ನು ಇಡುವುದಕ್ಕೆ ಜಾಲಿಯ ತೊಲೆ ತಾನೇ ತಂದುಕೊಟ್ಟಿದ್ದ. ಆದರೆ ಪಂಖ ನೀರಿನೊಳಗೆ ಇರಬೇಕು, ಅದನ್ನು ತಿರುಗಿಸುವ ಕಬ್ಬಿಣದ ದಂಡ ಒಳಗಿನ ಇಂಜಿನ್ನಿನವರೆಗೆ ಬರಬೇಕು, ಹಾಗಾದರೆ ನಾವಿಯ ಹಿಂಭಾಗದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ತೂತು ಕೊರೆಯಬೇಕು ಎಂದು ಕಾಕಾ ಹೇಳಿದಾಗ ಅವನು ಗಳ ಹಿಡಿದುಕೊಂಡು ನಾವಿಯ ಮುಂದೆ ನಿಂತುಬಿಟ್ಟ.

"ನಾವಿಗೆ ತೂತ ಹೊಡೀತಿ?"

"ಸಮುದ್ರದಾಗಿನ ಎಲ್ಲಾ ಜಹಾಜಿಗೂ ಹಿಂದ ತೂತ ಇರತೈತಿ ಅಣ್ಣಾ. ಗ್ರೀಸಿನ್ಯಾಗ ತೋಯ್ಸಿದ ಹತ್ತಿ ಹಗ್ಗ ಬಿಗಿದು ಸುತ್ತಿದ್ರ ನೀರ ಬರೂದಿಲ್ಲ."

"ಬಂದ್ರ?"

"ಸ್ವಲ್ಪ ಬರತೈತಿ. ಹನಿ ಹನಿ. ಬರಬೇಕದು. ಬರಲಿಲ್ಲಂದ್ರ ದಂಡ ಕಾಯತೈತಿ."

ಇದನ್ನು ಕೇಳಿ ಅಂಬಿಗ ಗಳ ಹೆಗಲಿಗೇರಿಸಿಕೊಂಡು ಮನೆಗೆ ಹೋದ. ಎರಡು ದಿನ ದಂಡೆಗೆ ಬರಲಿಲ್ಲ. ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ನೋಡಿದರೆ, ಅಂಬಿಗ ನಾವಿಯ ಹಿಂದೆ ಮೊಣಕಾಲೂರಿ ಕುಳಿತು ಬೈರಿಗೆ ತಿರುವುತ್ತಿದ್ದ. ಕಟ್ಟಿಗೆಯ ಪುಡಿ ಅವನ ಕಾಲ ಮೇಲೆ ಬಿದ್ದಿತ್ತು. ಕಾಕಾ ದೂರದಲ್ಲಿ ನಿಂತಿದ್ದರು.

"ಅಪ್ಪನ ನಾವಿ," ಎಂದ ಅಂಬಿಗ, ನನ್ನ ಕಡೆ ನೋಡದೆ. "ತೂತ ಹೊಡೀಬೇಕಂದ್ರ ನಾನ ಹೊಡೀಬೇಕು."

ಪಂಖ ನನ್ನ ಪಾಲಿಗೆ ಬಂತು. ಕಾಕಾ ಇಪ್ಪತ್ತು ವರ್ಷ ಹಡಗಿನ ಹೊಟ್ಟೆಯಲ್ಲಿ ಇದ್ದವರು; ಪಂಖವನ್ನು ಹಡಗು ದುರಸ್ತಿಗೆ ಮೇಲೆ ಬಂದಾಗ ದೂರದಿಂದ ನಾಲ್ಕಾರು ಸಲ ನೋಡಿದ್ದರು, ಅಷ್ಟೇ. ಚಕ್ಕಡಿ ಗಾಲಿ ಮಾಡುವ ನಮ್ಮೂರ ಬಡಗಿ ಕಟ್ಟಿಗೆಯಲ್ಲಿ ಮಾದರಿ ಮಾಡಿಕೊಡಲು ಒಪ್ಪಿದ್ದ. ಅದನ್ನು ಕೊಲ್ಹಾಪುರದ ಎರಕದ ಕಾರ್ಖಾನೆಗೆ ಒಯ್ದರೆ ಹಿತ್ತಾಳೆಯಲ್ಲಿ ಹೊಯ್ದುಕೊಡುತ್ತಾರೆ. ಆದರೆ ಬಡಗಿಗೆ ನಕ್ಷೆ ಬೇಕು. ಎಸಳು ನಡುವಿನ ಹತ್ತಿರ ಕಡಿದಾಗಿ, ತುದಿಯ ಕಡೆ ಮಲಗಿದಂತೆ ತಿರುಚಿರಬೇಕು ಎಂದು ಕಾಕಾ ಕೈಯಲ್ಲಿ ತೋರಿಸುತ್ತಿದ್ದರು. ಎಷ್ಟು ಕಡಿದು, ಎಷ್ಟು ಮಲಗಿದ್ದು? ಗಾಳಿಯಲ್ಲಿ ಆಡಿಸಿದ ಕೈಯಿಂದ ಬಡಗಿ ಕಟ್ಟಿಗೆ ಕಡಿಯಲಾರ.

ನಾನು ಶಾಲೆಯಲ್ಲಿ ಕಾಗದದ ಒಂದು ಲಂಬಕೋನ ತ್ರಿಭುಜ ಕತ್ತರಿಸಿ ನೀರಿನ ತಂಬಿಗೆಗೆ ಸುತ್ತಿದೆ. ತ್ರಿಭುಜದ ಓರೆ ಅಂಚು ತಂಬಿಗೆಯನ್ನು ಸುತ್ತುತ್ತ ಸ್ಕ್ರೂವಿನ ಗೆರೆಯಂತೆ ಮೇಲೇರಿತು. ನನ್ನ ಮೈ ಜುಂ ಎಂದಿತು. ಎರಡು ವರ್ಷದಿಂದ ಕರಿಹಲಗೆಯ ಮೇಲೆ ಬರೆದು ಅಳಿಸಿದ ತ್ರಿಭುಜ ಅದೇ! ಒಂದು ಸುತ್ತಿಗೆ ಅಷ್ಟೇ ಎತ್ತರ ಏರಬೇಕೆಂದರೆ ಸಣ್ಣ ತಂಬಿಗೆಯ ಮೇಲೆ ಏರು ಕಡಿದು, ದೊಡ್ಡ ಕೊಡದ ಮೇಲೆ ಏರು ಸಪಾಟು. ಎಸಳು ತಿರುಚಿರುವುದು ಅದಕ್ಕೇ. ಹತ್ತನೆಯ ತರಗತಿಯ ಹುಡುಗಿಯರನ್ನು ಕೂರಿಸಿಕೊಂಡು ನಡುವಿನಿಂದ ತುದಿಯವರೆಗೆ ಒಂದೊಂದು ಇಂಚಿಗೂ ಕೋನ ಲೆಕ್ಕ ಹಾಕಿಸಿದೆ. ಅಷ್ಟು ನಿಶ್ಶಬ್ದವಾಗಿ ಆ ತರಗತಿ ಎಂದೂ ಲೆಕ್ಕ ಮಾಡಿರಲಿಲ್ಲ.

ಬಡಗಿ ತೆಳುವಾದ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿಯೊಂದನ್ನೂ ನಾನು ಕೊಟ್ಟ ಗೆರೆಯಷ್ಟು ಸರಿಸಿ, ಬೀಸಣಿಗೆಯಂತೆ ಬಿಡಿಸಿ ಅಂಟಿಸಿದ. ಆಮೇಲೆ ಮೆಟ್ಟಿಲು ಮೆಟ್ಟಿಲಾದ ಅಂಚನ್ನು ಉಳಿಯಿಂದ ಕೆತ್ತಿ ನುಣುಪು ಮಾಡಿದ. ಮೂರು ಎಸಳಿನ ಪಂಖ ಅವನ ಅಂಗಳದಲ್ಲಿ ಹೂವಿನಂತೆ ಕುಳಿತಿತ್ತು. ಒಂದು ರವಿವಾರ ನಾನು, ಕಾಕಾ, ಬಡಗಿ ಮೂವರೂ ಅದನ್ನು ಗೋಣಿಚೀಲದಲ್ಲಿ ಸುತ್ತಿ ಚಿಕ್ಕೋಡಿ, ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಒಯ್ದೆವು. ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ತಂಬಾಕಿನ ಚೀಲದ ಮೇಲೆ ಕುಳಿತಿದ್ದ ಒಬ್ಬ ಮುದುಕ ಚೀಲದಿಂದ ಹೊರಬಂದ ಎಸಳನ್ನು ನೋಡಿ, "ಹೇ ಕಾಯ, ಬಾಯಿ? ಫ್ಯಾನ ಕಾ?" ಇದೇನಮ್ಮಾ, ಫ್ಯಾನೇ, ಎಂದು ಮರಾಠಿಯಲ್ಲಿ ಕೇಳಿದ. "ನೀರಿನ ಫ್ಯಾನು," ಎಂದೆ. "ನೀರಿಗೂ ಸೆಕಿ ಆಗತೈತೇನ್ರಿ?" ಎಂದು ಕನ್ನಡಕ್ಕೆ ತಿರುಗಿ ನಕ್ಕ.

ಜೂನ್ ತಿಂಗಳಲ್ಲಿ ಮೃಗಶಿರೆಯ, ನಮ್ಮ ಕಡೆಯ ಮಾತಿನಲ್ಲಿ ಮಿರಗದ, ಮಳೆಯಾಗಿ, ಘಟ್ಟದ ನೀರು ಕೆಂಪಾಗಿ ಇಳಿದು ಬಂದು, ನಾವಿ ತಾನಾಗಿ ತೇಲಿತು. ಹಿತ್ತಾಳೆಯ ಪಂಖ ಅದರ ಹಿಂದೆ ನೀರೊಳಗೆ ಕುಳಿತಿತ್ತು. ಹಿಟ್ಟಿನ ಗಿರಣಿಯಲ್ಲಿ ಇರುವಂಥ ಅಗಲವಾದ ಪಟ್ಟಾ ಇಂಜಿನ್ನಿನ ಗಾಲಿಯಿಂದ ದಂಡದ ಗಾಲಿಗೆ. ರವಿವಾರ ಎರಡೂ ದಂಡೆಯಲ್ಲಿ ಜನ. ಅವ್ವನೂ ಬಂದಿದ್ದಳು. ಅಂಬಿಗ ಗಳ ಹಾಕಿ ನಾವಿಯನ್ನು ನಡುನೀರಿಗೆ ಒಯ್ದ. ಕಾಕಾ ಇಂಜಿನ್ನು ಶುರು ಮಾಡಿ ಪಟ್ಟಾ ಸರಿಸಿದರು. ಹಿಂದೆ ನೀರು ಕುದಿಯಿತು. ನಾವಿ ಒಮ್ಮೆ ನಡುಗಿ, ಹೊರಟಿತು. ಹಿಂದಕ್ಕೆ.

ನಾವು ಬಿಟ್ಟು ಬಂದ ದಂಡೆಗೇ ನಾವಿ ಬೆನ್ನು ಮಾಡಿಕೊಂಡು ವಾಪಸು ಬಂತು. ದಂಡೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಬಡಗಿ ಪಂಖವನ್ನು ಬಿಚ್ಚಿ ತಿರುವಿ ಹಾಕೋಣ ಎಂದ. ಎದೆಮಟ್ಟದ ನೀರಿನಲ್ಲಿ ನಿಂತು ಇಬ್ಬರು ಅದನ್ನು ಬಿಚ್ಚಿ, ಹಿಂದಿನ ಮುಖ ಮುಂದೆ ಮಾಡಿ ಹಾಕಿದರು. ನಾವಿ ಮತ್ತೆ ಹಿಂದಕ್ಕೇ ಬಂತು. ಈ ಸಲ ಯಾರೂ ನಗಲಿಲ್ಲ. ನಾನು ಬಿಚ್ಚಿಟ್ಟ ಒಂದು ನಟ್ಟನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದನ್ನು ಬೋಲ್ಟಿಗೆ ಹಾಕಿದೆ. ತೆಗೆದು, ಮಗುಚಿ, ಮತ್ತೆ ಹಾಕಿದೆ. ಎರಡೂ ಸಲ ಒಂದೇ ದಿಕ್ಕಿಗೆ ತಿರುವಿದರೆ ಒಳಗೆ ಹೋಯಿತು. ಮಗುಚಿದರೆ ಸ್ಕ್ರೂವಿನ ದಿಕ್ಕು ಬದಲಾಗುವುದಿಲ್ಲ. ಹಾಗಾದರೆ ಪಂಖದ ತಿರುಚೇ ತಪ್ಪು. ತಿರುಚು ಯಾರದು? ನನ್ನದು. ನಕ್ಷೆಯನ್ನು ನಾನು ಎಣ್ಣೆಕಾಗದದ ಮೇಲೆ ಬರೆದಿದ್ದೆ; ಎರಡೂ ಬದಿಯಿಂದ ಗೆರೆ ಕಾಣುವ ಕಾಗದ. ಹಲಗೆಗೆ ಅಂಟಿಸುವಾಗ ಮಗುಚಿ ಅಂಟಿಸಿದ್ದೆ. ಕನ್ನಡಿಯಲ್ಲಿ ನೋಡಿದ ಪಂಖ ಆಗಿತ್ತು ಅದು.

ಓಡಿ ಹೋಗೋಣ ಎನಿಸಿತು. ಆದರೆ ಹುಡುಗಿಯರು ನೋಡುತ್ತಿದ್ದರು. "ಕಾಕಾ, ತಪ್ಪ ನಂದ್ರಿ. ಕಾಗದ ಮಗಚಿ ಅಂಟಿಸೇನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಕಾಕಾ ಸೋತ ಮುಖ ಮಾಡಲಿಲ್ಲ. "ಅಕ್ಕಾರ, ನಿಮ್ಮ ಪಂಖ ನೀರ ಛಲೋ ದೂಡಾಕತ್ತೈತಿ. ದಿಕ್ಕಷ್ಟ ತಪ್ಪೈತಿ. ಮತ್ತೊಂದು ಹೊಯ್ಸಿದ್ರಾತು."

ಮತ್ತೊಂದು ಎಂದರೆ ಮತ್ತೆ ಒಂದು ತಿಂಗಳು. ಅಷ್ಟರಲ್ಲಿ ಹೊಳೆ ತುಂಬಿರುತ್ತದೆ. ಅಂಬಿಗ ಇಂಜಿನ್ನಿನ ಹತ್ತಿರ ಬಗ್ಗಿ ಪಟ್ಟಾವನ್ನು ನೋಡುತ್ತಿದ್ದ.

"ಗಿರಣ್ಯಾಗ ಒಂದ ಪಟ್ಟಾ ಅಡ್ಡ ಹಾಕಿರತಾರಲ್ಲ," ಎಂದ ನಿಧಾನವಾಗಿ. "ಇಂಗ್ಲಿಷ್ ಎಂಟಿನಂಗ ಹೆಣದು. ಅದ್ಯಾಕ?"

ಕಾಕಾ ಅವನನ್ನೇ ನೋಡಿದರು. ಆಮೇಲೆ ಪಟ್ಟಾ ಬಿಚ್ಚತೊಡಗಿದರು. ಪಟ್ಟಾ ಅಡ್ಡ ಹಾಕಿದರೆ ಗಾಲಿ ಉಲ್ಟಾ ತಿರುಗುತ್ತದೆ. ದಂಡ ಉಲ್ಟಾ ತಿರುಗಿದರೆ ನನ್ನ ಉಲ್ಟಾ ಪಂಖ ಸರಿಯಾಗುತ್ತದೆ. ಹದಿನೈದು ನಿಮಿಷದಲ್ಲಿ ಪಟ್ಟಾ ಅಡ್ಡ ಬಿತ್ತು. ಗಳ ಹಾಕಿ ಮತ್ತೆ ನಡುನೀರಿಗೆ. ಪಟ್ಟಾ ಏರಿದ ಕೂಡಲೇ ನಾವಿಯ ಮೂತಿ ಎದ್ದಿತು. ನನ್ನ ಕಾಲಡಿಯ ಹಲಗೆ ಝುಮ್ಮೆನ್ನುತ್ತಿತ್ತು. ಎದುರಿನ ದಂಡೆ ತಾನೇ ನಮ್ಮ ಕಡೆ ನಡೆದು ಬರುವಂತಿತ್ತು. ಹಗ್ಗ ಎಳೆಯಲಿಲ್ಲ, ಮೇಲಕ್ಕೆ ಹೋಗಲಿಲ್ಲ, ನೇರವಾಗಿ ಸೆಳವನ್ನು ಸೀಳಿಕೊಂಡು ಹೋದೆವು. ಕಾಕಾ ಗಡಿಯಾರ ನನ್ನ ಮುಖದ ಮುಂದೆ ಹಿಡಿದರು. ಒಂಬತ್ತು ನಿಮಿಷ.

ಆ ವಾರದಲ್ಲೇ ಕಾಕಾಗೆ ಇನ್ನೊಂದು ಹೊಳೆಯಿತು. ಒಂದು ಪಟ್ಟಾ ನೆಟ್ಟಗೆ, ಇನ್ನೊಂದು ಅಡ್ಡ, ಎರಡನ್ನೂ ಪಕ್ಕಪಕ್ಕ ಹಾಕಿದರೆ? ಕಟ್ಟಿಗೆಯ ಹಿಡಿಕೆಯನ್ನು ಆ ಕಡೆ ದೂಡಿದರೆ ನಾವಿ ಮುಂದೆ, ಈ ಕಡೆ ದೂಡಿದರೆ ಹಿಂದೆ, ನಡುವೆ ಇಟ್ಟರೆ ಇಂಜಿನ್ನು ಖಾಲಿ ತಿರುಗುತ್ತದೆ. ದೊಡ್ಡ ಹಡಗಿನಲ್ಲೂ ಹಿಂದೆ ಹೋಗುವ ಏರ್ಪಾಡು ಇರುತ್ತದೆ, ಇಲ್ಲದಿದ್ದರೆ ನಿಲ್ಲಿಸುವುದು ಹೇಗೆ ಎಂದು ಹಾಗೆಯೇ ಜೋಡಿಸಿದರು. ನನ್ನ ತಪ್ಪು ನಡೆಯದೆ ಇದ್ದರೆ ಅಡ್ಡ ಪಟ್ಟಾದ ವಿಚಾರವೇ ಬರುತ್ತಿರಲಿಲ್ಲ ಎಂದು ಅವರು ಎಲ್ಲರ ಮುಂದೆ ಹೇಳಿದರು. ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ.

ಇಂಜಿನ್ನಿನ ನಾವಿಯಲ್ಲಿ ಶಾಲೆಯಿಂದ ಮೊದಲ ಸಂಜೆ ನಾನು ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಬಿಸಿಲು ಅಂಗಳದಲ್ಲಿ ಇನ್ನೂ ಇತ್ತು.

"ಇಷ್ಟ ಲಗೂ ಬಂದಿ? ಸಾಲಿ ಸೂಟಿ ಏನ?" ಎಂದಳು. "ಅಡಿಗಿ ಇನ್ನೂ ಆಗಿಲ್ಲ."

ನಾನೇ ಒಲೆ ಮುಂದೆ ಕುಳಿತೆ. ಇಬ್ಬರೂ ಬೆಳಕಿನಲ್ಲಿ ಎದುರುಬದುರು ಕುಳಿತು ಉಂಡೆವು.

ನಾವಿಯ ನಿಜವಾದ ಪರೀಕ್ಷೆ ನಡೆದದ್ದು ಆಗಸ್ಟಿನಲ್ಲಿ. ಮಧ್ಯಾಹ್ನ ನೀರು ಗೇಣು ಗೇಣಾಗಿ ಏರತೊಡಗಿತೆಂದು ಸುದ್ದಿ ಬಂದು ಶಾಲೆಯನ್ನು ಬೇಗ ಬಿಟ್ಟರು. ಹಿಂದಿನ ವರ್ಷವಾದರೆ ಇಂಥ ದಿನ ನಾವಿ ಬಿಡುತ್ತಲೇ ಇರಲಿಲ್ಲ. ನಾನು, ಹುಡುಗಿಯರು ಆಚೆ ಊರಿನಲ್ಲೇ ಯಾರದಾದರೂ ಮನೆಯಲ್ಲಿ ಉಳಿಯುತ್ತಿದ್ದೆವು. ಆ ದಿನ ಅಂಬಿಗ ನೀರನ್ನು ಬಹಳ ಹೊತ್ತು ನೋಡಿ, "ಈಗ ಹೋದ್ರ ಹೋಗಬಹುದು. ತಾಸ ಬಿಟ್ಟ ಹೋಗಾಕ ಆಗೂದಿಲ್ಲ," ಎಂದ. ಹದಿನಾರು ಹುಡುಗಿಯರು, ನಾನು, ಹಾಲಿನವನೊಬ್ಬ. ಚುಕ್ಕಾಣಿಯಲ್ಲಿ ಅಂಬಿಗ, ಇಂಜಿನ್ನಿನಲ್ಲಿ ಕಾಕಾ.

ನಡುನೀರಿಗೆ ಬಂದಾಗ ಮಳೆ ಹೊಡೆಯಿತು. ಪಟ್ಟಾ ತೋಯ್ದು ಜಾರತೊಡಗಿತು. ಇಂಜಿನ್ನು ಓಡುತ್ತಿದೆ, ಪಂಖ ನಿಲ್ಲುತ್ತಿದೆ, ನಾವಿ ಸೆಳವಿನ ಜತೆ ಕೆಳಕ್ಕೆ ಜಾರುತ್ತಿದೆ. ಕಾಕಾ ಚೀಲದಿಂದ ರಾಳದ ಪುಡಿ ತೆಗೆದು ಪಟ್ಟಾಕ್ಕೆ ಎರಚಿ, "ಅಕ್ಕಾರ, ಛತ್ರಿ!" ಎಂದರು. ನಾನು ಛತ್ರಿಯನ್ನು ಪಟ್ಟಾದ ಮೇಲೆ ಹಿಡಿದೆ. ಹುಡುಗಿಯರು ನೋಡಿ ತಮ್ಮವನ್ನೂ ಬಿಚ್ಚಿ ಹಿಡಿದರು. ಏಳೆಂಟು ಛತ್ರಿಗಳ ಕೆಳಗೆ ಇಂಜಿನ್ನು, ಮೇಲೆ ತೋಯುತ್ತಿರುವ ನಾವು. ರಾಳ ಹತ್ತಿತು, ಪಟ್ಟಾ ಬಿಗಿ ಹಿಡಿಯಿತು, ನಾವಿ ಮತ್ತೆ ಮೂತಿ ಎತ್ತಿತು.

ಆಗಲೇ ಅಂಬಿಗ ಕೂಗಿದ್ದು: "ಹಿಂದಕ್ಕ! ಹಿಂದಕ್ಕ ತಗೋ!"

ಮೇಲಿನಿಂದ ಬೇರುಸಮೇತ ಒಂದು ದೊಡ್ಡ ಮರ ಬರುತ್ತಿತ್ತು. ಟೊಂಗೆಗಳು ನೀರಿನಲ್ಲಿ ಮುಳುಗೇಳುತ್ತಿದ್ದವು. ನಾವು ಹೋಗುವ ದಾರಿ, ಅದು ಬರುವ ದಾರಿ ಒಂದೇ ಜಾಗದಲ್ಲಿ ಕೂಡುತ್ತಿತ್ತು. ಹಳೆಯ ನಾವಿಯನ್ನು ನಡುಹೊಳೆಯಲ್ಲಿ ನಿಲ್ಲಿಸುವ ಉಪಾಯವೇ ಇರಲಿಲ್ಲ. ಕಾಕಾ ಹಿಡಿಕೆಯನ್ನು ಎರಡೂ ಕೈಯಿಂದ ಈ ಕಡೆಗೆ ದೂಡಿದರು. ಪಟ್ಟಾ ಕಿರುಚಿತು. ಮೈಯೆಲ್ಲ ನಡುಗಿಸಿಕೊಂಡು ನಾವಿ ನಿಂತಿತು. ಆಮೇಲೆ ಒಂದು ಮಾರು, ಎರಡು ಮಾರು ಹಿಂದಕ್ಕೆ ಸರಿಯಿತು. ಮರ ನಮ್ಮ ಮುಂದಿನಿಂದ ಹಾದು ಹೋಯಿತು. ಅದರ ಬೇರಿಗೆ ಅಂಟಿದ್ದ ಕೆಂಪು ಮಣ್ಣು ಕೂಡ ನನಗೆ ಕಂಡಿತು. ಒಂದು ಟೊಂಗೆ ಮುಂದಿನ ಹಲಗೆಯನ್ನು ಸವರಿ, ಎಲೆಗಳನ್ನು ಬಿಟ್ಟು ಹೋಯಿತು. ಯಾರೂ ಅಳಲಿಲ್ಲ. ಛತ್ರಿ ಹಿಡಿದ ಒಬ್ಬ ಹುಡುಗಿಯೂ ಕೈ ಸಡಿಲಿಸಿರಲಿಲ್ಲ.

ದಂಡೆ ಮುಟ್ಟಿದ ಮೇಲೆ ಅಂಬಿಗ ನಾವಿಯ ಹಿಂಭಾಗಕ್ಕೆ ಹೋಗಿ ತೂತಿನ ಹತ್ತಿರ ಕೈ ಇಟ್ಟು ನೋಡಿದ.

"ಹನಿ ಹನಿ ಬರಾಕತ್ತೈತಿ," ಎಂದ.

"ಬರಬೇಕದು," ಎಂದರು ಕಾಕಾ.

ಮುಂದಿನ ವರ್ಷ ನಮ್ಮ ದಂಡೆಯಿಂದ ಹೈಸ್ಕೂಲಿಗೆ ಬರುವ ಹುಡುಗಿಯರಿಗೆ ನಾವಿಯ ಒಂದು ಬದಿ ಸಾಲದಾಯಿತು. ಮೇಲಿನ, ಕೆಳಗಿನ ಊರುಗಳ ಅಂಬಿಗರು ಬಂದು ನೋಡಿ ಹೋದರು. ಕಾಗವಾಡದ ಕಡೆಯಿಂದಲೂ ಇಬ್ಬರು ಬಂದರು. ನಮ್ಮ ಬಡಗಿ ಗಾಲಿ ಮಾಡುವುದನ್ನು ಬಿಟ್ಟು ಒಂದು ಬೇಸಿಗೆಯಿಡೀ ಪಂಖದ ಮಾದರಿ ಮಾಡಿದ. ಅವಕ್ಕೆ ನಾನು ಕಾಗದವನ್ನು ಸರಿಯಾಗಿ ಅಂಟಿಸಿದೆ.

ತೊಂಬತ್ತರ ದಶಕದ ಮೊದಲಲ್ಲಿ ಶಾಲೆಯ ಪ್ರವಾಸ ಗೋವೆಗೆ ಹೋಯಿತು. ಕಾಕಾನ ಹಳೆಯ ಗೆಳೆಯನೊಬ್ಬ ಅಲ್ಲಿಯ ಬಂದರಿಗೆ ಬಂದ ಅದಿರಿನ ಹಡಗಿನಲ್ಲಿದ್ದ. ಹತ್ತು ಹುಡುಗಿಯರಿಗೆ, ನನಗೆ, ಕಾಕಾಗೆ, ಅಂಬಿಗನಿಗೆ ಪಾಸು ಮಾಡಿಸಿದ್ದ. ಅಂಬಿಗನನ್ನು ನಾನೇ ಹಟ ಮಾಡಿ ಕರೆದುಕೊಂಡು ಹೋಗಿದ್ದೆ. ಅವನು ಸಮುದ್ರ ನೋಡಿದ್ದೇ ಆಗ. ಹಡಗಿನ ಏಣಿ ಹತ್ತಿ, ಹಡಗು ನಡೆಸುವ ಮೇಲಿನ ಕೋಣೆಗೆ ಹೋದಾಗ ಅವನ ಕಣ್ಣು ಒಂದೆಡೆ ನಿಲ್ಲಲಿಲ್ಲ. ಎಳೆಯ ವಯಸ್ಸಿನ ಅಧಿಕಾರಿಯೊಬ್ಬ ಹಿಂದಿ ಕಲೆಸಿದ ಮರಾಠಿಯಲ್ಲಿ ತೋರಿಸುತ್ತ ಹೋದ, ಕಾಕಾ ಕನ್ನಡದಲ್ಲಿ ಹೇಳುತ್ತ ಬಂದರು. ಕತ್ತಲಲ್ಲಿ ಬೇರೆ ಹಡಗನ್ನು ಹುಡುಕುವ ಪರದೆ. ನೀರೊಳಗೆ ಸದ್ದು ಕಳಿಸಿ, ತಳಕ್ಕೆ ಬಡಿದು ಬಂದ ಪ್ರತಿಧ್ವನಿಯಿಂದ ಆಳ ಬರೆಯುವ ಯಂತ್ರ. ಆಕಾಶದ ಉಪಗ್ರಹವನ್ನು ಕೇಳಿ ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂದು ಹೇಳುವ, ರೇಡಿಯೊದಷ್ಟು ಸಣ್ಣ ಪೆಟ್ಟಿಗೆ. ಅದರ ಮೇಲೆ ಮಿನುಗಿದ ಅಂಕಿಗಳನ್ನು ಹುಡುಗಿಯರು ಅಂಗೈ ಮೇಲೆ ಬರೆದುಕೊಂಡರು.

ಅಂಬಿಗ ಕೇಳಿದ್ದು ಚುಕ್ಕಾಣಿ ಎಲ್ಲಿ ಎಂದು. ಅಧಿಕಾರಿ ಊಟದ ತಟ್ಟೆಯಷ್ಟು ಅಗಲದ ಚಕ್ರ ತೋರಿಸಿ, ಹಿಡಿದು ನೋಡಿ ಎಂದ. ಅಂಬಿಗ ಎರಡು ಬೆರಳಿನಿಂದ ಹಿಡಿದ.

"ಇದರಾಗ ನೀರಿನ ಜಗ್ಗ ಕೈಗೆ ಹ್ಯಾಂಗ ತಿಳೀತೈತ್ರಿ?" ಎಂದ.

ಅಧಿಕಾರಿಗೆ ಮೊದಲು ಪ್ರಶ್ನೆ ಅರ್ಥವಾಗಲಿಲ್ಲ. ಕಾಕಾ ಬಿಡಿಸಿ ಹೇಳಿದ ಮೇಲೆ, ಕೈಗೆ ಏನೂ ತಿಳಿಯುವುದಿಲ್ಲ, ಎದುರಿನ ಮಾಪಕದ ಮುಳ್ಳು ನೋಡಬೇಕು ಎಂದ. ಅಂಬಿಗ ತಲೆಯಾಡಿಸಿದ, ಆದರೆ ಒಪ್ಪಿದ ತಲೆಯಾಡಿಕೆ ಅಲ್ಲ.

ಮರುದಿನ ಅಂಬೋಲಿ ಘಟ್ಟ ಹತ್ತಿ ಬಸ್ಸು ವಾಪಸು ಬರುವಾಗ ಅಣ್ಣತಮ್ಮಂದಿರಿಗೆ ವಾದ ಹತ್ತಿತು. ಕೈಗೆ ತಿಳಿಯದ ಚುಕ್ಕಾಣಿ ಚುಕ್ಕಾಣಿಯೇ ಅಲ್ಲ ಎಂದು ಅಣ್ಣ. ಅಷ್ಟು ದೊಡ್ಡ ಹಡಗಿನ ಜಗ್ಗು ಕೈಗೆ ಬಂದರೆ ಕೈಯೇ ಕಿತ್ತು ಹೋಗುತ್ತದೆ ಎಂದು ತಮ್ಮ. ಹಿಂದಿನ ಸೀಟಿನ ಹುಡುಗಿಯರು ಎರಡು ಪಕ್ಷವಾದರು. ಮುಳ್ಳು ಕೆಟ್ಟರೆ ಏನು ಮಾಡುತ್ತೀರಿ ಎಂದು ಒಬ್ಬಳು, ಕೈ ಸೋತರೆ ಏನು ಮಾಡುತ್ತೀರಿ ಎಂದು ಇನ್ನೊಬ್ಬಳು. ನಿಪ್ಪಾಣಿಯಲ್ಲಿ ಚಹಾಕ್ಕೆ ಇಳಿದಾಗಲೂ ಗ್ಲಾಸು ಹಿಡಿದುಕೊಂಡು ವಾದ ನಡೆದಿತ್ತು. ಚಹಾದ ಅಂಗಡಿಯವನು, ಇವರು ಯಾವ ಸಿನಿಮಾದ ಮಾತು ಆಡುತ್ತಿದ್ದಾರೆ ಎಂದು ನನ್ನನ್ನು ಕೇಳಿದ. ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಚಿಕ್ಕೋಡಿ ಬಂದಿತ್ತು, ಬಿಸಿಲು ಕಬ್ಬಿನ ಗದ್ದೆಗಳ ಮೇಲೆ ಓರೆಯಾಗಿತ್ತು, ಅಂಬಿಗ ಮುಂದಿನ ಸೀಟಿನ ಕಂಬಿಯನ್ನೇ ಚುಕ್ಕಾಣಿ ಮಾಡಿಕೊಂಡು ಆರು ಹುಡುಗಿಯರಿಗೆ ಸೆಳವು ಹೇಗೆ ಜಗ್ಗುತ್ತದೆಂದು ತೋರಿಸುತ್ತಿದ್ದ. ಕಾಕಾ ಕಿವಿಯ ಹಿಂದೆ ಕೈಯಿಟ್ಟುಕೊಂಡು ಕೇಳುತ್ತಿದ್ದರು.